ಇನ್ನೊಬ್ಬರ ಹೊಲದಲ್ಲಿ ನಮ್ಮ ದಾರಿ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ನಡೆಯಲು ಹೊರಟ ನಮ್ಮವರು ಮೊದಲು ತಡವರಿಸುವುದು ಗೇಟಿನ ಮುಂದೆ. ಎದುರಿಗೆ ಗೋಧಿ ಹೊಲ, ಅದರಾಚೆ ಯಾರದೋ ದೊಡ್ಡ ಮನೆ, ಬೇಲಿಯ ಮೇಲೆ ‘ಖಾಸಗಿ’ ಎಂಬ ಹಲಗೆ. ಅದೇ ಗೇಟಿನ ಕಂಬಕ್ಕೆ ಅಂಗೈಯಗಲದ ಬಿಲ್ಲೆಯೊಂದನ್ನು ಮೊಳೆ ಹೊಡೆದು ಕೂರಿಸಿರುತ್ತಾರೆ. ಬಿಲ್ಲೆಯ ಮೇಲೆ ಹಳದಿ ಬಾಣ. ಕೊಡಗಿನ ಕಾಫಿ ತೋಟದಲ್ಲಾದರೆ ರೈಟರನ್ನೋ ವಾಚ್‌ಮನ್‌ನನ್ನೋ ಕೇಳಿಯೇ ಒಳಗೆ ಕಾಲಿಡಬೇಕು. ಇಲ್ಲಿ ಕೇಳಬೇಕಾಗಿಲ್ಲ. ಹಳದಿ ಬಾಣವಿದ್ದ ಕಡೆ ನಡೆದು ಹೋಗುವುದು ಹಕ್ಕು, ಮಾಲೀಕರ ದಾಕ್ಷಿಣ್ಯವಲ್ಲ. ಖಾಸಗಿ ಎಂಬ ಹಲಗೆಯೂ ಸುಳ್ಳಲ್ಲ: ನೆಲ ಅವರದೇ, ಅದರ ಮೇಲೆ ಹಾಯುವ ಕಿರಿದಾದ ಪಟ್ಟಿ ಎಲ್ಲರದು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಹಕ್ಕಿನ ದಾರಿಗಳು ಸುಮಾರು 2,25,000 ಕಿಲೋಮೀಟರ್ ಇವೆ. ಅವನ್ನೆಲ್ಲ ಅಧಿಕೃತ ನಕ್ಷೆಯಲ್ಲಿ ದಾಖಲಿಸಬೇಕೆಂದು ಕಾನೂನು ಬಂದದ್ದು 1949ರಲ್ಲಿ. ಅದಕ್ಕೂ ಹಿಂದಿನ ಚರಿತ್ರೆ ಅಷ್ಟು ಸಲೀಸಲ್ಲ. 1815ರ ಕಾಯ್ದೆಯ ಪ್ರಕಾರ ಇಬ್ಬರು ಮ್ಯಾಜಿಸ್ಟ್ರೇಟರು ಸಹಿ ಹಾಕಿದರೆ ‘ಅನಗತ್ಯ’ ಎನಿಸಿದ ದಾರಿಯನ್ನು ಮುಚ್ಚಿಬಿಡಬಹುದಿತ್ತು. ಮ್ಯಾಜಿಸ್ಟ್ರೇಟರೂ ಬಹುಪಾಲು ಜಮೀನ್ದಾರರೇ ಆಗಿದ್ದರು ಎಂದಮೇಲೆ ಏನಾಗಿರಬಹುದೆಂದು ಊಹಿಸಬಹುದು. 1932ರ ಏಪ್ರಿಲ್ 24ರಂದು ಡರ್ಬಿಶೈರ್‌ನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಜನ ಬೇಕೆಂದೇ ಅತಿಕ್ರಮವಾಗಿ ಹತ್ತಿ, ಕೆಲವರು ಜೈಲಿಗೂ ಹೋದರು. ಈಗಲೂ ಒಂದು ದಾರಿಯಲ್ಲಿ ಜನ 20 ವರ್ಷ ಯಾರ ಅಡ್ಡಿಯೂ ಇಲ್ಲದೆ, ಅನುಮತಿ ಕೇಳದೆ, ಬಹಿರಂಗವಾಗಿ ಓಡಾಡಿದ್ದರೆ ಅದು ಹಕ್ಕಿನ ದಾರಿ ಎಂದು ವಾದಿಸಲು ಬರುತ್ತದೆ. ಹಾಗಾಗಿಯೇ ಎಸ್ಟೇಟಿನವರು ಕೆಲವು ದಾರಿಗಳಿಗೆ ‘ಇದು ಅನುಮತಿಯ ದಾರಿ ಮಾತ್ರ’ ಎಂದು ಫಲಕ ಹಾಕಿ, ವರ್ಷಕ್ಕೊಂದು ದಿನ ಗೇಟಿಗೆ ಬೀಗ ಹಾಕುವುದುಂಟು. ಅಂಥ ದಾರಿಗೆ ಸಾಮಾನ್ಯವಾಗಿ ಬಿಳಿ ಬಾಣ. ಹಳದಿ ನಡೆಯುವವರಿಗೆ ಮಾತ್ರ. ನೀಲಿ ಬಾಣದ ದಾರಿಯಲ್ಲಿ ಕುದುರೆ, ಸೈಕಲ್ಲೂ ಬರುತ್ತವೆ. ಚಳಿಗಾಲದಲ್ಲಿ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಕುದುರೆ ಓಡಾಡಿದ ದಾರಿಯಲ್ಲಿ ಗೊರಸಿನ ಗುಂಡಿಗಳಲ್ಲಿ ನೀರು ನಿಂತು ಕಣಕಾಲುದ್ದ ಕೆಸರಾಗಿರುತ್ತದೆ. ಡಿಸೆಂಬರ್‌ನಲ್ಲಿ ಎರಡು ದಾರಿಗಳ ನಡುವೆ ಆಯ್ಕೆ ಇದ್ದರೆ ನಾನು ಹಳದಿಯನ್ನೇ ಹೇಳುವುದು.

ಸ್ಕಾಟ್ಲೆಂಡಿನ ಲೆಕ್ಕವೇ ಬೇರೆ. 2003ರ ಕಾಯ್ದೆಯಿಂದ ಅಲ್ಲಿ ಜವಾಬ್ದಾರಿಯಿಂದ ನಡೆದುಕೊಂಡರೆ ಬಹುತೇಕ ಎಲ್ಲ ನೆಲದಲ್ಲೂ ಓಡಾಡಬಹುದು. ಈ ಬರಹ ಇಂಗ್ಲೆಂಡಿನದು.

ನಕ್ಷೆಯ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆಯೇ ಬೇಕು. ಅಳತೆ 1:25,000, ಅಂದರೆ ನಕ್ಷೆಯ 4 ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ಗುಲಾಬಿ ಹೊದಿಕೆಯ ಲ್ಯಾಂಡ್‌ರೇಂಜರ್ 1:50,000ರದ್ದು, ಅದರಲ್ಲಿ ಹೊಲದ ಬೇಲಿಗಳೇ ಇಲ್ಲ. ಬೇಲಿ ಕಾಣದಿದ್ದರೆ ಏನು ನಷ್ಟ? ದಾರಿ ತಪ್ಪುವುದು ನಿಜಕ್ಕೂ ಅಲ್ಲಿಯೇ. ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಮುಳ್ಳುಗಿಡಗಳು ಆಳೆತ್ತರ ಬೆಳೆದ ಜೀವಂತ ಬೇಲಿ ಅದು. ಅದರ ಎಡಕ್ಕೆ ಹೋಗಬೇಕಾದವರು ಬಲಕ್ಕೆ ಹೋದರೆ ಅರ್ಧ ಕಿಲೋಮೀಟರ್ ಆದಮೇಲೆ ಹೊಲದ ಮೂಲೆಯಲ್ಲಿ ಸಿಕ್ಕಿಬೀಳುತ್ತಾರೆ. ನುಸುಳಲು ಕಂಡಿ ಇರುವುದಿಲ್ಲ, ಬಂದ ದಾರಿಗೇ ಸುಂಕವಿಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ಬೇಲಿ ತೆಳು ಕಪ್ಪು ಗೆರೆ, ಹಕ್ಕಿನ ಕಾಲುದಾರಿ ಹಸಿರು ಗಿಡ್ಡ ತುಂಡುಗೆರೆ. ಹಸಿರು ಗೆರೆ ಕಪ್ಪು ಗೆರೆಯ ಯಾವ ಮಗ್ಗುಲಿಗಿದೆ ಎಂದು ಪ್ರತಿ ಗೇಟಿನಲ್ಲೂ ನಿಂತು ನೋಡುವುದೊಂದೇ ಉಪಾಯ. ಇನ್ನೊಂದು ಎಚ್ಚರಿಕೆ: ಕಪ್ಪು ತುಂಡುಗೆರೆಯೂ ದಾರಿಯೇ, ನೆಲದ ಮೇಲೆ ಕಾಣಲೂ ಬಹುದು, ಆದರೆ ಅಲ್ಲಿ ನಡೆಯುವ ಹಕ್ಕು ನಿಮಗಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಫೋನಿನ ಸಾಮಾನ್ಯ ನಕ್ಷೆಗಳು ಇವೆರಡನ್ನೂ ಬೇರ್ಪಡಿಸುವುದಿಲ್ಲ. ಕಾಗದದ ನಕ್ಷೆ ಕೊಂಡರೆ ಒಳಗೊಂದು ಕೋಡ್ ಇರುತ್ತದೆ, ಅದರಿಂದ ಅದೇ ಹಾಳೆಯನ್ನು ಫೋನಿಗೂ ಇಳಿಸಿಕೊಳ್ಳಬಹುದು. ಕಣಿವೆಯಲ್ಲಿ ಸಿಗ್ನಲ್ ಸಿಗದು, ಮನೆಯಲ್ಲೇ ಇಳಿಸಿಕೊಳ್ಳಿ.

‘ಸುಲಭ ನಡಿಗೆ, 8 ಕಿ.ಮೀ.’ ಎಂದು ಬರೆದಿದ್ದರೆ ಅದರಲ್ಲಿ ಅರ್ಧ ಸತ್ಯವಷ್ಟೇ ಇರುತ್ತದೆ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟಿಷ್ ಬೆಟ್ಟಗಾರ ಕೊಟ್ಟ ಲೆಕ್ಕವನ್ನು ಈಗಲೂ ಬಳಸುತ್ತಾರೆ: 5 ಕಿಲೋಮೀಟರಿಗೆ ಒಂದು ಗಂಟೆ, 100 ಮೀಟರ್ ಏರಿಗೆ ಹತ್ತು ನಿಮಿಷ ಹೆಚ್ಚು. ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಗಂಟೆಗೆ 3 ಕಿಲೋಮೀಟರ್ ಹಿಡಿಯಿರಿ. ಅಂದರೆ 8 ಕಿಲೋಮೀಟರಿಗೆ ಎರಡೂ ಮುಕ್ಕಾಲು ಗಂಟೆ, ಕೂತು ತಿನ್ನುವ ಹೊತ್ತು ಬೇರೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಡಿಸೆಂಬರ್ ನಡುವಿನಲ್ಲಿ ಲಂಡನ್ ಸುತ್ತಮುತ್ತ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಶನಿವಾರ ಉಪ್ಪಿಟ್ಟು ಮುಗಿಸಿ ಹನ್ನೆರಡಕ್ಕೆ ಹೊರಡುವ ನಮ್ಮ ಪದ್ಧತಿ ಜೂನ್‌ಗೆ ಸರಿ, ಡಿಸೆಂಬರ್‌ಗೆ ಆಗದು.

ನಡಿಗೆಯನ್ನು ಕಷ್ಟ ಮಾಡುವುದು ದೂರವಲ್ಲ, ಮಣ್ಣು ಮತ್ತು ತಡಮೆ. ಜೇಡಿಮಣ್ಣಿನ ಹೊಲದಲ್ಲಿ ಪ್ರತಿ ಹೆಜ್ಜೆಗೂ ಬೂಟಿನಡಿ ಮಣ್ಣು ಮೆತ್ತಿಕೊಂಡು ಒಂದೊಂದು ಕಾಲೂ ಕಿಲೋ ಭಾರವಾಗುತ್ತದೆ. ಸೀಮೆಸುಣ್ಣದ ನೆಲ ಬೇಗ ಒಣಗುತ್ತದೆ ನಿಜ, ಆದರೆ ಒದ್ದೆಯಿದ್ದಾಗ ಇಳಿಜಾರಿನಲ್ಲಿ ಎಣ್ಣೆ ಸವರಿದಂತೆ ಜಾರುತ್ತದೆ. ಅತಿ ಕೆಟ್ಟ ಕೆಸರು ದಾರಿಯ ನಡುವೆಯಲ್ಲ, ಗೇಟಿನ ಬಾಯಲ್ಲಿ. ದನವೆಲ್ಲ ಅಲ್ಲೇ ಕಾದು ನಿಂತು ತುಳಿದಿರುತ್ತವೆ. ನವೆಂಬರಿನಿಂದ ಮಾರ್ಚ್‌ವರೆಗೆ ಆಳವಾದ ಅಚ್ಚಿರುವ ಬೂಟು ಇಲ್ಲದೆ ಹೊಲದ ದಾರಿ ಹಿಡಿಯಬಾರದು, ಓಡುವ ಶೂ ಮೊದಲ ಗೇಟಿಗೇ ಸೋಲುತ್ತದೆ. ಇನ್ನು ತಡಮೆ. ಮಲೆನಾಡಿನಲ್ಲಿ ದನ ದಾಟದಂತೆ, ಮನುಷ್ಯರು ದಾಟುವಂತೆ ಬೇಲಿಗೆ ಮಾಡುವ ವ್ಯವಸ್ಥೆಯೇ ಇಲ್ಲಿಯೂ: ಎರಡು ಹಲಗೆ ಮೆಟ್ಟಿಲು, ಹಿಡಿಯಲೊಂದು ಕಂಬ. ಮಂಡಿನೋವಿನವರಿಗೆ ಎಂಟು ಕಿಲೋಮೀಟರ್ ಸಮತಟ್ಟು ದಾರಿಗಿಂತ ಎಂಟು ತಡಮೆ ಕಷ್ಟ. ಮಗುವಿನ ಗಾಡಿ ಅದರ ಮೇಲೆ ಹೋಗುವುದಿಲ್ಲ, ಎತ್ತಿ ದಾಟಿಸಬೇಕು. ಅರ್ಧವೃತ್ತದ ಕಟಾಂಜನದೊಳಗೆ ತೂಗಾಡುವ ‘ಕಿಸ್ಸಿಂಗ್ ಗೇಟ್’ ಮಂಡಿಗೆ ಹಿತ, ಆದರೆ ಗಾಡಿಗೆ ಅದೂ ಇಕ್ಕಟ್ಟು. ಕೆಲವು ರಾಷ್ಟ್ರೀಯ ಉದ್ಯಾನಗಳು ‘ಮೈಲ್ಸ್ ವಿದೌಟ್ ಸ್ಟೈಲ್ಸ್’ ಎಂಬ ಹೆಸರಿನಲ್ಲಿ ತಡಮೆಯೇ ಇಲ್ಲದ ದಾರಿಗಳ ಪಟ್ಟಿ ಕೊಡುತ್ತವೆ. ಗಾಲಿಕುರ್ಚಿಗೂ ಮಗುವಿನ ಗಾಡಿಗೂ ಅದನ್ನೇ ಹುಡುಕಬೇಕು.

ಮೊದಲ ಸಲ ಹೊರಡುವವರಿಗೆ ಮೇಡನ್‌ಹೆಡ್‌ನಿಂದ ಕುಕ್ಕಮ್‌ವರೆಗಿನ ನದಿದಂಡೆ ಹೇಳಿ ಮಾಡಿಸಿದಂತಿದೆ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಎಲಿಜಬೆತ್ ಲೈನ್ ರೈಲು ಮೇಡನ್‌ಹೆಡ್‌ಗೆ ಬರುತ್ತದೆ. ನಿಲ್ದಾಣಕ್ಕೆ ಸ್ವಲ್ಪ ಮುಂಚೆ ರೈಲು ಥೇಮ್ಸ್ ದಾಟುವ ಸೇತುವೆ ಎಂಜಿನಿಯರ್ ಬ್ರುನೆಲ್‌ನ ವಿನ್ಯಾಸ, 1830ರ ದಶಕದ್ದು. ಒಂದೊಂದು ಇಟ್ಟಿಗೆ ಕಮಾನೂ 128 ಅಡಿ ಅಗಲ. ಇಷ್ಟು ಚಪ್ಪಟೆ ಕಮಾನು ಬಿದ್ದೇ ಹೋಗುತ್ತದೆ ಎಂದು ಆಗ ಹಲವರು ನಂಬಿದ್ದರು. ಇಂದೂ ರೈಲು ಅದರ ಮೇಲೇ ಓಡುತ್ತಿದೆ. ನಿಲ್ದಾಣದಿಂದ ಪೂರ್ವಕ್ಕೆ ಊರಿನೊಳಗೆ ಕಾಲುಗಂಟೆ ನಡೆದರೆ ನದಿ ಸಿಗುತ್ತದೆ. ಸೇತುವೆ ದಾಟದೆ ಎಡಕ್ಕೆ ತಿರುಗಿ ಹರಿವಿಗೆ ಎದುರಾಗಿ ಹೋಗಬೇಕು. ಬೋಲ್ಟರ್ಸ್ ಲಾಕ್‌ವರೆಗೆ ರಸ್ತೆಬದಿಯ ಪಾದಚಾರಿ ದಾರಿ. ಲಾಕ್‌ನ ಬಳಿ ಹತ್ತು ನಿಮಿಷ ನಿಲ್ಲಲೇಬೇಕು: ದೋಣಿ ಒಳಬಂದು ಗೇಟು ಮುಚ್ಚಿ, ನೀರು ತುಂಬಿ ದೋಣಿ ಮೇಲೇಳುವುದನ್ನು ನೋಡಿದ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಮುಂದೆ ಮಣ್ಣಿನ ದಾರಿ. ಎದುರು ದಂಡೆಯಲ್ಲಿ ಕಡಿದಾದ ಸುಣ್ಣದ ದಿಬ್ಬ, ಅದಕ್ಕೆ ಜೋತುಬಿದ್ದಂತೆ ಬೀಚ್ ಮತ್ತು ಯೂ ಮರಗಳ ಕಾಡು. ಅದು ಕ್ಲೈವ್ಡನ್ ಎಸ್ಟೇಟ್. ಮನೆ ಎರಡು ಸಲ, 1795ರಲ್ಲೂ 1849ರಲ್ಲೂ ಸುಟ್ಟುಹೋಗಿ, ಈಗಿರುವುದು ಚಾರ್ಲ್ಸ್ ಬ್ಯಾರಿ ಕಟ್ಟಿದ್ದು. 1942ರಲ್ಲಿ ಆಸ್ಟರ್ ಕುಟುಂಬ ಅದನ್ನು ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಕೊಟ್ಟಿತು; ಈಗ ಮನೆ ಹೋಟೆಲು, ತೋಟ ಮತ್ತು ಕಾಡು ಟಿಕೆಟ್ ಕೊಂಡವರಿಗೆ ತೆರೆದಿದೆ. ನನ್ನ ಮಟ್ಟಿಗೆ ಅದನ್ನು ಈ ದಂಡೆಯಿಂದ ನೋಡುವುದೇ ಚೆಂದ, ಅದೂ ಅಕ್ಟೋಬರ್ ಕೊನೆಯಲ್ಲಿ ಬೀಚ್ ಎಲೆ ತಾಮ್ರದ ಬಣ್ಣಕ್ಕೆ ತಿರುಗಿದಾಗ, ಬೆಳಗಿಗಿಂತ ಮಧ್ಯಾಹ್ನ, ಬಿಸಿಲು ಪಶ್ಚಿಮದಿಂದ ಬೀಳುವಾಗ.

ಸ್ವಲ್ಪ ದೂರ ಹೋದಮೇಲೆ ದಾರಿ ಏಕಾಏಕಿ ನದಿಯನ್ನು ಬಿಟ್ಟು ಒಳಕ್ಕೆ ತಿರುಗುತ್ತದೆ. ಇಲ್ಲಿ ಹಲವರು ಬಾಣ ತಪ್ಪಾಗಿದೆ ಎಂದುಕೊಂಡು ಬೇಲಿಯ ಸಂದಿಯಲ್ಲಿ ನುಗ್ಗಲು ನೋಡುತ್ತಾರೆ. ಬಾಣ ಸರಿಯಾಗಿಯೇ ಇದೆ. ಈ ದಾರಿ ಹುಟ್ಟಿದ್ದು ವಿಹಾರಕ್ಕಲ್ಲ, ದೋಣಿಗೆ ಹಗ್ಗ ಕಟ್ಟಿ ಕುದುರೆಯಿಂದ ಎಳೆಸಲು. ಒಂದು ದಂಡೆಯ ಜಮೀನ್ದಾರ ಒಪ್ಪದಿದ್ದರೆ ದಾರಿ ಆಚೆ ದಂಡೆಗೆ ಜಿಗಿಯುತ್ತಿತ್ತು. ಜಿಗಿಯುವಲ್ಲೆಲ್ಲ ಕುದುರೆಯನ್ನು ದಾಟಿಸಲು ಕಡವು ಇರುತ್ತಿತ್ತು. ಇಲ್ಲಿದ್ದದ್ದು ಮೈ ಲೇಡಿ ಫೆರ್ರಿ. ಕಡವು ನಿಂತಮೇಲೆ ದಾರಿ ತುಂಡಾಯಿತು, ಉಳಿದ ತುಂಡುಗಳನ್ನು ಹೊಲ, ಓಣಿಗಳ ಮೂಲಕ ಹೊಲಿದು 1996ರಲ್ಲಿ ಥೇಮ್ಸ್ ಪಾತ್ ಎಂಬ ರಾಷ್ಟ್ರೀಯ ದಾರಿಯಾಗಿ ತೆರೆದರು. ಒಟ್ಟು 294 ಕಿಲೋಮೀಟರ್, ಗುರುತು ಓಕ್ ಮರದ ಕಾಯಿ. ಇದೇ ದಾರಿ ಲಂಡನ್ನಿನಲ್ಲಿ ಲ್ಯಾಂಬೆತ್ ಸೇತುವೆಯ ಬಳಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಹಾದು ಹೋಗುತ್ತದೆ. ಕುಕ್ಕಮ್‌ನಲ್ಲಿ ಹಳ್ಳಿಯಿಂದ ರೈಲು ನಿಲ್ದಾಣಕ್ಕೆ ಇನ್ನೂ ಒಂದು ಕಿಲೋಮೀಟರ್ ಇದೆ, ಬಯಲಿನ ಅಂಚಿನಲ್ಲಿ ನಡೆಯಬೇಕು. ಮೇಡನ್‌ಹೆಡ್‌ಗೆ ವಾಪಸು ಹೋಗುವ ಕವಲು ರೈಲು ಸುಮಾರು ಗಂಟೆಗೊಂದು. ಒಟ್ಟು ನಡಿಗೆ ಸುಮಾರು 7 ಕಿಲೋಮೀಟರ್, ಏರು ಎಂಬುದೇ ಇಲ್ಲ.

ಏರಿಲ್ಲದ ದಾರಿಗೆ ನೀರಿನ ಭಯ. ಜನವರಿ, ಫೆಬ್ರುವರಿಯಲ್ಲಿ ದಂಡೆ ಮುಳುಗುವುದು ಹೊಸತೇನಲ್ಲ. ಮೇಡನ್‌ಹೆಡ್‌ನ ನೆರೆ ತಪ್ಪಿಸಲು ಬೋಲ್ಟರ್ಸ್ ಲಾಕ್‌ಗಿಂತ ಮೇಲೆ ನದಿಯಿಂದ ಒಂದು ಕೃತಕ ಕವಲನ್ನೇ ತೆಗೆದಿದ್ದಾರೆ, ಜುಬಿಲಿ ನದಿ ಎಂದು ಹೆಸರು, 2002ರಿಂದ ಬಳಕೆಯಲ್ಲಿದೆ. ಹೊರಡುವ ಮುನ್ನ ಎನ್ವಿರಾನ್ಮೆಂಟ್ ಏಜೆನ್ಸಿಯ ನದಿಮಟ್ಟದ ಪುಟ ನೋಡಬೇಕು. ಲಾಕ್‌ನಲ್ಲಿ ಕೆಂಪು ಫಲಕ ಹಾಕಿದ್ದರೆ ಅದು ದೋಣಿಯವರಿಗೆ ಎಚ್ಚರಿಕೆ, ಆದರೆ ನಡೆಯುವವರಿಗೂ ಸೂಚನೆಯೇ. ಕಂದು ನೀರು ದಾರಿಯ ಮೇಲೆ ನಿಂತಿದ್ದರೆ ಅಳೆಯಲು ಇಳಿಯಬೇಡಿ, ದಂಡೆಯ ಅಂಚು ಎಲ್ಲಿದೆ ಎಂದು ಕಾಣುವುದಿಲ್ಲ. ಸಣ್ಣ ನದಿಗಳನ್ನೂ ನಂಬಬಾರದು. ಯಾರ್ಕ್‌ಶೈರ್‌ನ ಬೋಲ್ಟನ್ ಆ್ಯಬಿ ಎಸ್ಟೇಟಿನ ಕಾಡಿನ ನಡುವೆ ವಾರ್ಫ್ ನದಿ ಬಂಡೆಗಳ ಸಂದಿಗೆ ನುಗ್ಗುವ ಸ್ಟ್ರಿಡ್ ಎಂಬ ಜಾಗವಿದೆ. ಹಾರಿ ದಾಟಬಹುದು ಎನಿಸುವಷ್ಟು ಕಿರಿದು. ಅಗಲ ಕುಗ್ಗಿದ ನದಿ ಆಳಕ್ಕೆ ಇಳಿದಿದೆ, ಬಂಡೆಯ ಬುಡವನ್ನೇ ಕೊರೆದಿದೆ. ಹಾರಲು ಹೋಗಿ ಸತ್ತವರಿದ್ದಾರೆ. ಪಾಚಿ ಹಿಡಿದ ಆ ಬಂಡೆಯ ಮೇಲೆ ಫೋಟೋಕ್ಕೆ ನಿಲ್ಲುವುದೂ ಬೇಡ.

ಎಸ್ಟೇಟಿನೊಳಗೆ ಹಾಯುವ ದಾರಿಗಳಲ್ಲಿ ನಾನು ಮೊದಲು ಹೇಳುವುದು ಕಾಟ್ಸ್‌ವಲ್ಡ್ಸ್ ಗುಡ್ಡಸೀಮೆಯ ಸೆಜಿನ್‌ಕೋಟ್. ಬೋರ್ಟನ್-ಆನ್-ದಿ-ಹಿಲ್ ಎಂಬ ಹಳ್ಳಿಯಿಂದ ದಕ್ಷಿಣಕ್ಕೆ ಲಾಂಗ್‌ಬರೋವರೆಗೆ ‘ಹಾರ್ಟ್ ಆಫ್ ಇಂಗ್ಲೆಂಡ್ ವೇ’ ಎಂಬ ಕಾಲುದಾರಿ ಹೋಗುತ್ತದೆ, ಒಂದು ದಿಕ್ಕಿಗೆ ಸುಮಾರು 4 ಕಿಲೋಮೀಟರ್. ಪ್ಯಾಡಿಂಗ್ಟನ್–ವೂಸ್ಟರ್ ಮಾರ್ಗದ ಮೋರ್ಟನ್-ಇನ್-ಮಾರ್ಷ್‌ನಲ್ಲಿ ಇಳಿದರೆ ಬೋರ್ಟನ್ ಇನ್ನೊಂದು 3 ಕಿಲೋಮೀಟರ್. ಎಕ್ಸ್‌ಪ್ಲೋರರ್ ನಕ್ಷೆಯ ಸಂಖ್ಯೆ ಓ.ಎಲ್. 45. ಮೋರ್ಟನ್ ಸುತ್ತಿನ ತಗ್ಗು ಜೇಡಿಮಣ್ಣು, ಮೇಲಕ್ಕೆ ಹೋದಂತೆ ಸುಣ್ಣಕಲ್ಲು. ಹಾಗಾಗಿ ಮಳೆಗಾಲದಲ್ಲಿ ಬೋರ್ಟನ್‌ವರೆಗೆ ಕಾರಿನಲ್ಲೋ ಬಸ್ಸಿನಲ್ಲೋ ಹೋಗಿ ಅಲ್ಲಿಂದ ನಡೆಯುವುದು ಜಾಣತನ.

ಹೊಲಗಳನ್ನು ದಾಟಿ ಪಾರ್ಕಿನೊಳಗೆ ಬಂದಾಗ ಬಲಕ್ಕೆ, ಇಂಗ್ಲಿಷ್ ಓಕ್ ಮರಗಳ ನಡುವೆ, ಹಸಿರುಗಟ್ಟಿದ ತಾಮ್ರದ ಈರುಳ್ಳಿ ಗುಮ್ಮಟವೊಂದು ಕಾಣುತ್ತದೆ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಹಣ ಮಾಡಿ ಬಂದ ಚಾರ್ಲ್ಸ್ ಕಾಕರೆಲ್‌ಗಾಗಿ ಅವನ ಅಣ್ಣ ಸ್ಯಾಮುವೆಲ್ 1805ರ ಸುಮಾರಿಗೆ ಕಟ್ಟಿದ ಮೊಘಲ್ ಶೈಲಿಯ ಮನೆ ಅದು. ಭಾರತ ಸುತ್ತಿ ಕೋಟೆ ಗುಡಿಗಳನ್ನು ಚಿತ್ರಿಸಿದ ಥಾಮಸ್ ಡೇನಿಯಲ್ ಸಲಹೆ ಕೊಟ್ಟಿದ್ದ. ತೋಟದಲ್ಲಿ ಸೂರ್ಯನ ಗುಡಿ, ಸೇತುವೆಯ ಕಟ್ಟೆಯ ಮೇಲೆ ಮಲಗಿದ ಬಸವಗಳು. 1807ರಲ್ಲಿ ಬಂದು ನೋಡಿದ ಯುವರಾಜ ಮುಂದೆ ಬ್ರೈಟನ್‌ನಲ್ಲಿ ತನಗೂ ಗುಮ್ಮಟಗಳ ಅರಮನೆ ಮಾಡಿಸಿಕೊಂಡ. ತೋಟಕ್ಕೆ ವಾರದಲ್ಲಿ ಕೆಲವೇ ಮಧ್ಯಾಹ್ನ ಪ್ರವೇಶ, ಟಿಕೆಟ್ ಬೇಕು. ಗುಮ್ಮಟ ನೋಡಲು ಕಾಸು ಬೇಡ, ಹಕ್ಕಿನ ದಾರಿಯಿಂದಲೇ ಕಾಣುತ್ತದೆ. ಇಂಥ ಮನೆಗಳ ಹಣದ ಮೂಲವನ್ನು ಮಾರ್ಗದರ್ಶಿ ಪುಸ್ತಿಕೆಗಳು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ. ವೇಲ್ಸ್‌ನ ಪೋವಿಸ್ ಕೋಟೆಗೆ ಜಿಂಕೆವನ, ಮೆಟ್ಟಿಲು ತೋಟ ನೋಡಲೆಂದು ಹೋದವರು ಒಳಗಿನ ಕ್ಲೈವ್ ಸಂಗ್ರಹದಲ್ಲಿ ಟಿಪ್ಪು ಸುಲ್ತಾನನ ಹೂಬಳ್ಳಿ ಅಚ್ಚಿನ ಹತ್ತಿಯ ಡೇರೆಯ ಮುಂದೆ, ಅವನ ಸಿಂಹಾಸನದ ಚಿನ್ನದ ಹುಲಿತಲೆಯೊಂದರ ಮುಂದೆ ನಿಲ್ಲುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದವನು ಈ ಮನೆತನದ ಎಡ್ವರ್ಡ್ ಕ್ಲೈವ್.

ಎಸ್ಟೇಟಿನ ಮನೆಯ ಸುತ್ತಲಿನ ಪಾರ್ಕು ಸಹಜವಾಗಿ ಕಾಣುತ್ತದೆ, ಸಹಜವಲ್ಲ. ಮರಗಳ ಕೊಂಬೆಗಳ ಕೆಳ ಅಂಚನ್ನು ಗಮನಿಸಿ: ಗೆರೆ ಎಳೆದು ಕತ್ತರಿಸಿದಷ್ಟು ಮಟ್ಟ. ಯಾವ ಮಾಲಿಯೂ ಕತ್ತರಿಸಿದ್ದಲ್ಲ, ದನ ಜಿಂಕೆಗಳು ಕತ್ತು ಚಾಚಿ ತಿಂದ ಎತ್ತರ ಅದು. ಗೆರೆ ನೆಲದಿಂದ ಎಷ್ಟು ಮೇಲಿದೆ ಎಂಬುದರಿಂದಲೇ ಅಲ್ಲಿ ಮೇಯುವುದು ಕುರಿಯೋ ದನವೋ ಎಂದು ಹೇಳಬಹುದು. ಮನೆಯ ಮುಂದಿನ ಹುಲ್ಲುಹಾಸಿಗೂ ದನವಿರುವ ಬಯಲಿಗೂ ನಡುವೆ ಬೇಲಿ ಕಾಣದಿದ್ದರೆ ಹತ್ತಿರ ಹೋಗುವಾಗ ಕಾಲ ಕೆಳಗೆ ನೋಡಿಕೊಳ್ಳಿ. ಹಾ-ಹಾ ಎಂಬ ಕಂದಕವಿರುತ್ತದೆ: ಮನೆಯ ಕಡೆ ನೆಟ್ಟಗಿನ ಕಲ್ಲುಗೋಡೆ, ಬಯಲಿನ ಕಡೆ ಇಳಿಜಾರು. ದನ ಇಳಿದರೂ ಹತ್ತಲಾರದು, ಯಜಮಾನನ ಕಿಟಕಿಗೆ ಗೋಡೆ ಕಾಣದು. ಆಟವಾಡುತ್ತ ಓಡುವ ಮಕ್ಕಳಿಗೂ ಕಾಣುವುದಿಲ್ಲ, ಅದೇ ಅಪಾಯ. ನೋಟಕ್ಕೆ ಅಡ್ಡಬಂದ ಊರನ್ನೇ ಎತ್ತಿ ಆಚೆ ಕಟ್ಟಿದ್ದೂ ಇದೆ. ಡರ್ಬಿಶೈರ್‌ನ ಚಾಟ್ಸ್‌ವರ್ತ್ ಎಸ್ಟೇಟಿನಲ್ಲಿ ಎಡೆನ್ಸರ್ ಹಳ್ಳಿಯ ಬಹುಭಾಗ 1830ರ ದಶಕದಲ್ಲಿ ಹಾಗೆ ಜಾಗ ಬದಲಾಯಿಸಿತು.

ಕಾಡಿನ ದಾರಿಗೆ ಒಳ್ಳೆಯ ಕಾಲ ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ. ಮೇಲಿನ ಎಲೆ ಮುಚ್ಚುವ ಮೊದಲು ಸಿಗುವ ಬಿಸಿಲಿನಲ್ಲಿ ಬ್ಲೂಬೆಲ್ ಹೂ ನೆಲವನ್ನೇ ನೀಲಿ ಮಾಡುತ್ತದೆ. ದಾರಿ ಬಿಟ್ಟು ಇಳಿದು ಫೋಟೋ ತೆಗೆಯಬೇಡಿ. ಎಲೆ ತುಳಿದರೆ ಗೆಡ್ಡೆಗೆ ಆಹಾರ ಹೋಗದು, ಆ ಜಾಗದಲ್ಲಿ ಹಲವು ವರ್ಷ ಹೂ ಬರದು. ಜೋರು ಗಾಳಿಯ ಮುನ್ಸೂಚನೆ ಇದ್ದರೆ ಎಸ್ಟೇಟುಗಳು ಕಾಡಿನ ದಾರಿ ಮುಚ್ಚುತ್ತವೆ, ಮನೆ ಬಿಡುವ ಮುನ್ನ ನೋಡಿಕೊಳ್ಳಿ. 2012ರಲ್ಲಿ ಇಲ್ಲಿ ಪತ್ತೆಯಾದ ಶಿಲೀಂಧ್ರ ರೋಗದಿಂದ ಆ್ಯಶ್ ಮರಗಳು ಸಾಯುತ್ತಿವೆ, ಒಣಗಿದ ಕೊಂಬೆ ಗಾಳಿಯಿಲ್ಲದೆಯೂ ಮುರಿಯುತ್ತದೆ. ಜಿಂಕೆ ಇರುವಲ್ಲಿ ಉಣ್ಣೆ ಇರುತ್ತದೆ. ಮಂಗನ ಕಾಯಿಲೆ ಕಂಡ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಭಯ ಲೈಮ್ ರೋಗದ್ದು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದು ಮಂಡಿಯ ಹಿಂಭಾಗ, ಕಂಕುಳು, ಮಕ್ಕಳ ಕೂದಲಂಚು ನೋಡಬೇಕು. ಕಚ್ಚಿದ್ದರೆ ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಮೊನಚು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನಿಧಾನವಾಗಿ ನೇರ ಎಳೆಯಿರಿ. ಮುಂದಿನ ವಾರಗಳಲ್ಲಿ ಕೆಂಪು ಕಲೆ ಹರಡತೊಡಗಿದರೆ ವೈದ್ಯರಿಗೆ ಉಣ್ಣೆಯ ವಿಷಯ ತಿಳಿಸಿ.

ಹಸುವಿಗೆ ಹೆದರುವುದೇನು ಎನ್ನುವ ನಮ್ಮವರೇ ಹೆಚ್ಚು ಜಾಗ್ರತೆ ವಹಿಸಬೇಕು. ಇಲ್ಲಿನವು ಮನೆಬಾಗಿಲಲ್ಲಿ ಬೆಳೆದವಲ್ಲ. ಕರುವಿರುವ ಹಸುವಿನ ಮಂದೆಯ ನಡುವೆ ಹಾಯದೆ ಬೇಲಿಯ ಬದಿಗೆ ಸುತ್ತಿಕೊಂಡು ಹೋಗಬಹುದು. ಎಳೆ ಹೋರಿಗಳು ಕುತೂಹಲಕ್ಕೆ ಹಿಂದೆಯೇ ಬರುತ್ತವೆ. ಓಡಬಾರದು, ತಿರುಗಿ ನಿಂತು ಕೈ ಅಗಲಿಸಿದರೆ ನಿಲ್ಲುತ್ತವೆ. ನಾಯಿ ಜೊತೆಗಿದ್ದು ದನ ಮೇಲೆ ಬಂದರೆ ಹಗ್ಗ ಬಿಟ್ಟುಬಿಡಿ, ದನಕ್ಕೆ ಬೇಕಾಗಿರುವುದು ನಾಯಿ. ಹತ್ತು ತಿಂಗಳು ದಾಟಿದ ಹಾಲುತಳಿಯ ಗೂಳಿಯನ್ನು ಹಕ್ಕಿನ ದಾರಿಯಿರುವ ಹೊಲದಲ್ಲಿ ಬಿಡುವುದಕ್ಕೆ ಕಾನೂನಿನ ನಿಷೇಧವಿದೆ. ಮಾಂಸದ ತಳಿಯದಾದರೆ ಹಸುಗಳ ಜೊತೆ ಬಿಡಬಹುದು.

ಊಟ ಕಟ್ಟಿಕೊಂಡು ಹೋಗಿ. ಹಳ್ಳಿಯ ಪಬ್ಬಿನ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚಿಬಿಡುವುದುಂಟು. ಚಪಾತಿ ಸುರುಳಿ, ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ, ತಲೆಗೆ ಅರ್ಧ ಲೀಟರ್ ನೀರು, ಒಣ ಕಾಲುಚೀಲ ಒಂದು ಜೊತೆ, ಕೆಸರು ಬೂಟು ಹಾಕಲು ಪ್ಲಾಸ್ಟಿಕ್ ಚೀಲ. ಶೌಚಾಲಯ ನಿಲ್ದಾಣದಲ್ಲೋ ಟ್ರಸ್ಟಿನ ಜಾಗದಲ್ಲೋ ಮಾತ್ರ.

ಮೇ, ಜೂನ್‌ನಲ್ಲಿ ಬೇರೊಂದು ತೊಡಕು. ಹೊಲದ ನಡುವೆ ಹೋಗಬೇಕಾದ ದಾರಿಯ ಮೇಲೆ ಎಣ್ಣೆಸಾಸಿವೆ ಎದೆಯೆತ್ತರ ನಿಂತು ದಾರಿಯೇ ಇಲ್ಲದಂತಾಗುತ್ತದೆ. ರೈತ ಹೊಲದ ನಡುವಿನ ದಾರಿಯನ್ನು ಉಳಬಹುದು, ಆದರೆ 14 ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲ ಮತ್ತೆ ಬಿಡಿಸಿ ಕಾಣುವಂತೆ ಮಾಡಬೇಕು. ಅದೇ ಬೆಳೆಗೆ ಮತ್ತೆ ಉತ್ತರೆ 24 ಗಂಟೆಯೊಳಗೆ. ಹೊಲದ ಅಂಚಿನ ದಾರಿಯನ್ನು ಉಳುವಂತೆಯೇ ಇಲ್ಲ. ಬಹುತೇಕರು ಪಾಲಿಸುತ್ತಾರೆ. ಪಾಲಿಸದ ಕಡೆ ಬೆಳೆಯ ನಡುವೆ ದಾರಿಯ ಗೆರೆಯಲ್ಲೇ ನಡೆಯುವ ಹಕ್ಕು ನಿಮಗಿದೆ, ಒದ್ದೆ ಸಾಸಿವೆಯಲ್ಲಿ ಸೊಂಟದವರೆಗೆ ನೆನೆಯಲು ಸಿದ್ಧವಿದ್ದರೆ. ಜಗಳ ಬೇಡ. ಒಂದು ಫೋಟೋ, ನಕ್ಷೆಯ ಚೌಕಗಳಿಂದ ಆ ಜಾಗವನ್ನು ಗುರುತಿಸುವ ಆರಂಕಿ ಗ್ರಿಡ್ ಸಂಖ್ಯೆ, ದಿನಾಂಕ ಇಷ್ಟನ್ನು ಕೌಂಟಿ ಕೌನ್ಸಿಲ್‌ನ ಹಕ್ಕಿನ ದಾರಿಗಳ ವಿಭಾಗಕ್ಕೆ ಕಳಿಸಿ. ಮುರಿದ ತಡಮೆಗೂ, ಕಾಣೆಯಾದ ಬಾಣಕ್ಕೂ ಅದೇ ವಿಳಾಸ. ದೂರು ಕೊಡಲು ಅಲ್ಲಿಯ ನಿವಾಸಿಯಾಗಿರಬೇಕಿಲ್ಲ, ಆ ದಾರಿಯಲ್ಲಿ ಒಂದು ಸಲ ನಡೆದಿದ್ದರೂ ಸಾಕು.